ತುದಿಯಲ್ಲಿ ನಿಂತವನು

ಸೈಕಲ್ ತುಳಿದು ಹೊಟ್ಟೆ ಹೊರೆಯುವುದೂ ಒಂದು ಕೂಲಿಯೇ. ಪತ್ರಿಕೆಯವರು ಅದನ್ನು ಸಾಹಸ ಅನ್ನುತ್ತಾರೆ, ಜಾಹೀರಾತಿನವರು ಕನಸು ಅನ್ನುತ್ತಾರೆ. ಹೇಳಿದ ಹೊತ್ತಿಗೆ ಎದ್ದು, ಹೇಳಿದ ಜಾಗಕ್ಕೆ ಹೋಗಿ, ಹೇಳಿದಷ್ಟು ಮೈ ಮುರಿದು, ಸಂಜೆ ಹಾಸಿಗೆಯಲ್ಲಿ ಬಿದ್ದುಕೊಳ್ಳುವವನಿಗೆ ಅದು ಕೂಲಿ, ಅಷ್ಟೆ. ಆ ಕೂಲಿಯಲ್ಲಿ ಪ್ರಾಯವನ್ನೆಲ್ಲ ಸವೆಸಿದ ಒಬ್ಬನಿದ್ದ. ಅವನನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ತೊಡೆ ಮತ್ತು ಮೀನಖಂಡ ಬಿಟ್ಟರೆ ಅವನ ಮೈಯಲ್ಲಿ ಬೇರೆಲ್ಲೂ ಮಾಂಸವಿರಲಿಲ್ಲ. ಅಂಗಿ ಹಗ್ಗದ ಮೇಲೆ ಒಣಗುವಾಗ ಹೇಗೆ ತೂಗಾಡುತ್ತದೋ ಅವನು ಒಳಗಿದ್ದಾಗಲೂ ಹಾಗೇ ತೂಗಾಡುತ್ತದೆ ಎಂದು ಹೆಂಡತಿ ಹೇಳುತ್ತಿದ್ದಳು.

ಬೆಟ್ಟ ಹತ್ತುವ ಸವಾರರೆಲ್ಲ ಹೀಗೇ. ಸಪಾಟು ರಸ್ತೆಯಲ್ಲಿ ದಢೂತಿ ಆಸಾಮಿಗಳ ಆಟ ನಡೆಯುತ್ತದೆ. ರಸ್ತೆ ತಲೆಯೆತ್ತಿತೆಂದರೆ ರಾತ್ರಿ ಉಂಡ ಒಂದೊಂದು ತುತ್ತೂ ಲೆಕ್ಕ ಕೇಳುತ್ತದೆ. ಆದ್ದರಿಂದ ಏರುವವನು ಉಣ್ಣುವುದಿಲ್ಲ. ಹಸಿವನ್ನೇ ಕಸುಬು ಮಾಡಿಕೊಂಡವನು ಅವನು.

ಅವನ ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಊರಿನ ಅಷ್ಟೂ ಕಟ್ಟಡಗಳ ಲಿಫ್ಟುಗಳನ್ನು ಓಡಿಸುತ್ತಿದ್ದ ಮನುಷ್ಯ ತಾನೇ ಬಾಡಿಗೆಗಿದ್ದ ಕಟ್ಟಡದ ಲಿಫ್ಟ್ ವರ್ಷದ ಮುಕ್ಕಾಲು ಪಾಲು ಕೆಟ್ಟೇ ನಿಂತಿರುತ್ತಿತ್ತು. ಮಾಲೀಕ ಬಿಡಿಭಾಗ ತರಿಸಿಕೊಡುತ್ತಿರಲಿಲ್ಲ, ಅಪ್ಪನಿಗೆ ಬೇಡಿ ಅಭ್ಯಾಸವಿರಲಿಲ್ಲ. ಮನೆ ಕೊನೆಯ ಮಹಡಿಯಲ್ಲಿ. ಸೈಕಲ್ಲನ್ನು ಕೆಳಗೆ ಬಿಟ್ಟರೆ ಬೆಳಿಗ್ಗೆ ಬೀಗ ಮಾತ್ರ ಉಳಿದಿರುತ್ತಿತ್ತು. ಹಾಗಾಗಿ ಅದನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತುವುದು ಕಡ್ಡಿಯ ದಿನಚರಿಯಾಯಿತು. ಅಮ್ಮ ಊರಿನ ದಿಬ್ಬದ ಮೇಲಿದ್ದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ದೊಡ್ಡ ಯಂತ್ರಗಳಿಂದ ಹಬೆಯಾಡುವ ಹಾಸಿಗೆ ಬಟ್ಟೆಗಳನ್ನು ಎಳೆದು ತೆಗೆದು ಅವಳ ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತಿದ್ದವು.

ಶಾಲೆ ಮುಗಿದ ಮೇಲೆ ಕಡ್ಡಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅಂಗಡಿ ಕೆಳಗೆ, ಆಸ್ಪತ್ರೆ ಮೇಲೆ, ನಡುವೆ ವಾಹನಗಳು ಒಂದಕ್ಕೊಂದು ಅಂಟಿಕೊಂಡು ತೆವಳುವ ಏರು. ಬೆನ್ನಿಗೆ ಔಷಧಿ ಡಬ್ಬಿ ಕಟ್ಟಿಕೊಂಡು ಅವನು ಕಾರುಗಳ ಸಂದಿಯಲ್ಲಿ ನುಗ್ಗುತ್ತಿದ್ದ. ಆಸ್ಪತ್ರೆಯ ಗೇಟಿನ ಕಾವಲುಗಾರ ಅವನನ್ನು ಕಂಡರೆ ಒಳಗೆ ಕೂಗುತ್ತಿದ್ದ: “ಔಷಧಿ ಬಂತು ನೋಡ್ರಪ್ಪಾ! ರೋಗಿ ಇನ್ನೂ ಆಂಬುಲೆನ್ಸಲ್ಲಿ ಸಿಗ್ನಲ್ ಹತ್ರ ಇದ್ದಾನೆ.”

ಒಂದು ದಿನ ಅದೇ ಏರಿನಲ್ಲಿ ಬಣ್ಣದ ಅಂಗಿ ತೊಟ್ಟ ಕ್ಲಬ್ಬಿನ ಸವಾರರು ಏದುಸಿರು ಬಿಡುತ್ತ ಹೋಗುತ್ತಿದ್ದರು. ಕಡ್ಡಿ ಡಬ್ಬಿಯ ಸಮೇತ ಅವರನ್ನು ದಾಟಿ ಹೋದ. ಹಿಂತಿರುಗುವಾಗ ಅವರು ಗೇಟಿನ ಬಳಿ ಕಾದು ನಿಂತಿದ್ದರು. ಹೊಡೆಯಲು ಬಂದಿದ್ದಾರೆ ಅಂದುಕೊಂಡು ಅವನು ಕ್ಷಮೆ ಕೇಳಿದ. ಅವರು ಕ್ಲಬ್ಬಿಗೆ ಬಾ ಅಂದರು. ಕಸುಬು ಶುರುವಾದದ್ದು ಹೀಗೆ.

ಈ ಕಸುಬಿನ ಒಂದು ಗುಟ್ಟನ್ನು ಹೊರಗಿನವರು ಅರ್ಥ ಮಾಡಿಕೊಳ್ಳುವುದಿಲ್ಲ. ರೇಸಿನಲ್ಲಿ ಓಡುವ ಎಲ್ಲರೂ ಗೆಲ್ಲಲು ಓಡುವುದಿಲ್ಲ. ತಂಡಕ್ಕೆ ಒಬ್ಬ ನಾಯಕ. ಉಳಿದವರು ಅವನಿಗೆ ನೀರು ತರುವವರು, ಗಾಳಿ ತಡೆಯುವವರು, ಅವನ ಚಕ್ರ ಕೆಟ್ಟರೆ ತಮ್ಮದನ್ನು ಕಳಚಿ ಕೊಡುವವರು. ಕಡ್ಡಿಯ ಪಾಲಿಗೆ ಬಂದದ್ದು ಬೆಟ್ಟ. ಏರು ಶುರುವಾದಾಗ ಅವನು ಮುಂದೆ ಬಂದು, ನಾಯಕನನ್ನು ಬೆನ್ನಿಗೆ ಹಾಕಿಕೊಂಡು, ಎದುರಾಳಿಗಳ ಉಸಿರು ಕಟ್ಟುವಂಥ ವೇಗದಲ್ಲಿ ಎಳೆಯಬೇಕು. ಒಬ್ಬೊಬ್ಬರೇ ಹಿಂದೆ ಕಳಚಿ ಬೀಳಬೇಕು. ತುದಿ ಕಾಣುವ ಹೊತ್ತಿಗೆ ಅವನು ಪಕ್ಕಕ್ಕೆ ಸರಿಯಬೇಕು. ನಾಯಕ ಜಿಗಿದು ಹೋಗುತ್ತಾನೆ, ಕ್ಯಾಮೆರಾ ನಾಯಕನ ಜೊತೆ ಹೋಗುತ್ತದೆ. ಅಮ್ಮ ಪತ್ರಿಕೆಯಲ್ಲಿ ಬಂದ ಚಿತ್ರ ಕತ್ತರಿಸಿಟ್ಟುಕೊಂಡು ಪಕ್ಕದ ಮನೆಯವರಿಗೆ ತೋರಿಸುತ್ತಿದ್ದಳು: “ಇಲ್ಲಿ ಅಂಚಲ್ಲಿ ಕಾಣುತ್ತಲ್ಲ, ಇದು ನನ್ನ ಮಗನ ಮೊಣಕೈ.”

ಅವನು ಒಂದೂ ಹಂತ ಗೆದ್ದಿರಲಿಲ್ಲ. ದೊಡ್ಡ ರೇಸುಗಳು ವಾರಗಟ್ಟಲೆ ನಡೆಯುತ್ತವೆ. ದಿನಕ್ಕೊಂದು ಹಂತ, ಹಂತಕ್ಕೊಬ್ಬ ವಿಜೇತ. ಒಂದು ಹಂತ ಗೆದ್ದರೂ ಸಾಕು, ಜೀವಮಾನವಿಡೀ ಹೆಸರಿನ ಜೊತೆ ಅದು ಅಂಟಿಕೊಂಡಿರುತ್ತದೆ. ನಿವೃತ್ತನಾದ ಮೇಲೆ ಕೋಚ್ ಕೆಲಸ ಸಿಗುತ್ತದೆ, ಇಲ್ಲವೆಂದರೆ ಸೈಕಲ್ ಅಂಗಡಿಯ ಬೋರ್ಡಿಗಾದರೂ ಆಗುತ್ತದೆ. ಕಡ್ಡಿಗೂ ಒಂದು ಬೇಕಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳು ಸಿಟಿ ಬಸ್ಸಿನ ಡ್ರೈವರ್. ಅವನು ತಟ್ಟೆಯ ಅರ್ಧ ಬಿಟ್ಟು ಏಳುವಾಗ ಸುಮ್ಮನಿರುವವಳಲ್ಲ.

“ಏನ್ರೀ, ಗಾಳಿ ಕುಡಿದು ಬದುಕೋ ಯೋಚನೆ ಇದ್ಯಾ?”

“ಬೆಟ್ಟ ಇದೆ ಕಣೇ ಮುಂದಿನ ವಾರ.”

“ಮದುವೆಯಾದಾಗಿಂದ ಮುಂದಿನ ವಾರ ಬೆಟ್ಟಾನೇ. ಒಂದು ವಾರನಾದ್ರೂ ಸಪಾಟಾಗಿರೋದು ಬೇಡ್ವಾ?”

ಹತ್ತುವವರಿಗೆ ಇಳಿಜಾರು ಶತ್ರು. ಮೈ ಹಗುರ, ಗಾಳಿ ಹೊತ್ತುಕೊಂಡು ಹೋಗುತ್ತದೆ. ಬೆವರಿದ ಮೈಗೆ ಮೇಲಿನ ಚಳಿ ಬಡಿಯುತ್ತದೆ, ಬೆರಳು ಮರಗಟ್ಟಿ ಬ್ರೇಕ್ ಎಲ್ಲಿದೆ ಅನ್ನುವುದೇ ತಿಳಿಯುವುದಿಲ್ಲ. ಒಂದು ವರ್ಷ ಹಿಮ ಬಿದ್ದ ಇಳಿಜಾರಿನಲ್ಲಿ ಕಡ್ಡಿಯ ಜೊತೆಗಾರನೊಬ್ಬ ತಡೆಗೋಡೆ ದಾಟಿ ಬಿದ್ದ. ರೇಸುಗಳಲ್ಲಿ ಇಬ್ಬರೂ ಯಾವಾಗಲೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು. ಸೊಂಟದ ಮೂಳೆ ಪುಡಿಯಾಯಿತು. ಆಯೋಜಕರು ಹೂಗುಚ್ಛ ಕಳಿಸಿ ಮಾರನೆಯ ದಿನದ ಹಂತ ನಡೆಸಿದರು. ಈಗ ಅವನು ಭಾವನ ಬಣ್ಣದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕೂತರೆ ನೋವು, ಆದ್ದರಿಂದ ದಿನವಿಡೀ ನಿಂತೇ ಬಣ್ಣ ಕಲಸುತ್ತಿದ್ದ. ಕಡ್ಡಿ ನೋಡಲು ಹೋದಾಗ ಅವನು ಕೋಲಿನಿಂದ ಡಬ್ಬಿ ತಿರುವುತ್ತಲೇ ಹೇಳಿದ: “ಬ್ರೇಕ್ ಹಿಡಿದೆ ಕಣೋ. ಕೈ ಹಿಡೀತು, ರಸ್ತೆ ಹಿಡೀಲಿಲ್ಲ.” ಆಮೇಲೆ ಹೊಸ ಗೇರುಗಳ ಬಗ್ಗೆ ಮಾತಾಡಿದರು.

ಅವನು ಬಿದ್ದದ್ದು ಯಾವ ರೇಸಿನಲ್ಲೋ, ಮರುವರ್ಷ ಅದೇ ರೇಸು, ಅದೇ ಬೆಟ್ಟ. ಮೇಲೆ ಹತ್ತಿ, ಆಚೆ ಕಡೆ ಇಳಿದು, ಕೆಳಗಿನ ಪೇಟೆಯಲ್ಲಿ ಹಂತ ಮುಗಿಯಬೇಕು. ಹಿಮ ಬೀಳುವ ಮುನ್ಸೂಚನೆ ಇತ್ತು. ಹಂತವನ್ನು ಬೆಟ್ಟದ ತುದಿಗೇ ಮುಗಿಸಿ ಎಂದು ಸವಾರರು ಕೇಳಿದರು. ಆಗುವುದಿಲ್ಲ, ಪೇಟೆಯಲ್ಲಿ ವೇದಿಕೆ ಹಾಕಿಯಾಗಿದೆ, ಟಿವಿಯವರಿಗೆ ಮಾತು ಕೊಟ್ಟಾಗಿದೆ, ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿದಿದ್ದೇವೆ ಅಂದರು ಆಯೋಜಕರು. ವೇದಿಕೆ ದೊಡ್ಡದೋ ಸವಾರನ ಸೊಂಟ ದೊಡ್ಡದೋ ಅನ್ನುವುದು ಅಲ್ಲೇ ಇತ್ಯರ್ಥವಾಯಿತು.

ಬೆಳಿಗ್ಗೆ ಹೋಟೆಲಿನ ಊಟದ ಕೋಣೆಯಲ್ಲಿ ಎಲ್ಲ ತಂಡದ ಸವಾರರೂ ಸೇರಿದರು. ಗುಂಪಿನ ಅತಿ ಹಿರಿಯ ಸವಾರ, ಎಲ್ಲರೂ ದೊಡ್ಡಣ್ಣ ಅನ್ನುತ್ತಿದ್ದವನು, ಕುರ್ಚಿಯ ಮೇಲೆ ಹತ್ತಿ ನಿಂತ. ಬೆಟ್ಟದಲ್ಲಿ ಯಾವಾಗಲೂ ಹಿಂದೆ ಉಳಿಯುವ ಭಾರೀ ದೇಹ, ಮಾತಿನಲ್ಲಿ ಮಾತ್ರ ಮುಂದೆ.

“ನೋಡ್ರಪ್ಪಾ, ಮೇಲೆ ಹಿಮ ಇಲ್ಲ ಅಂದ್ರೆ ರೇಸು. ಹಿಮ ಇದ್ರೆ ತುದೀಲಿ ಎಲ್ರೂ ನಿಲ್ಲಿ, ಕೆಳಗೆ ಕಾರಲ್ಲಿ ಹೋಗೋಣ. ಆದ್ರೆ ಒಂದು ಮಾತು. ಮುಂದಿದ್ದೋನೂ ನಿಲ್ಲಬೇಕು. ಒಬ್ಬ ಆಚೆ ಕಡೆ ಇಳಿದ್ರೆ ಅವನ್ನ ಹಿಡಿಯೋಕೆ ಎಲ್ರೂ ಇಳೀತಾರೆ. ಆಮೇಲೆ ಯಾರ ಮೂಳೆ ಯಾವ ಪ್ರಪಾತದಲ್ಲಿ ಅಂತ ಹುಡುಕಬೇಕಾಗುತ್ತೆ. ಒಪ್ಪಿಗೆಯಿದ್ರೆ ಕೈ ಎತ್ರಿ.”

ಕೈಗಳು ಎದ್ದವು. ಕಡ್ಡಿಯದೂ ಎದ್ದಿತು. ಮುಂದಿರುವವನ ಬಗ್ಗೆ ನಿಯಮ ಮಾಡುವಾಗ ಹಿಂದಿರುವವರ ಕೈ ಸಲೀಸಾಗಿ ಏಳುತ್ತದೆ. ಮುಷ್ಕರ ಕಂಡವರಿಗೆಲ್ಲ ಇದು ಗೊತ್ತು.

ತಂಡದ ಬಸ್ಸಿಗೆ ಬಂದರೆ ನಾಯಕ ಹೊಟ್ಟೆ ಹಿಡಿದುಕೊಂಡು ಮುದುಡಿ ಕೂತಿದ್ದ. ತಿಂದದ್ದೇನೋ ಕೈಕೊಟ್ಟಿತ್ತು. ತಂಡದ ಮ್ಯಾನೇಜರ್ ಕಡ್ಡಿಯ ಭುಜದ ಮೇಲೆ ಕೈಯಿಟ್ಟು, “ಇವತ್ತು ಯಾರನ್ನೂ ಎಳೀಬೇಡ. ನಿನ್ನಷ್ಟಕ್ಕೆ ನೀನು ಹೋಗು,” ಅಂದ. ಅಂಥ ಮಾತನ್ನು ಅವನು ಹಿಂದೆ ಕೇಳಿರಲಿಲ್ಲ. ಒಂದು ಕ್ಷಣ ಬೈಗುಳವೋ ಏನೋ ಅಂದುಕೊಂಡ.

ಬೆಟ್ಟದ ಬುಡದಲ್ಲೇ ಅವನು ಗುಂಪು ಬಿಟ್ಟು ಮುಂದೆ ಜಿಗಿದ. ಮೊದಮೊದಲು ಇಬ್ಬರು ಮೂವರು ಬೆನ್ನು ಹತ್ತಿದರು. ಅವನು ಕೂತಲ್ಲೇ ಒಂದು ಗೇರ್ ಬಿಗಿ ಮಾಡಿದ, ಒಬ್ಬ ಕಳಚಿದ. ಎದ್ದು ನಿಂತು ತುಳಿದ, ಇನ್ನೊಬ್ಬ ಕಳಚಿದ. ಮರಗಳು ಮುಗಿದು ಬಂಡೆ ಶುರುವಾಗುವ ಹೊತ್ತಿಗೆ ಅವನ ಹಿಂದೆ ಯಾರ ಉಸಿರೂ ಕೇಳುತ್ತಿರಲಿಲ್ಲ. ಕಾಲು ಉರಿಯುತ್ತಿತ್ತು, ಆದರೆ ಆ ಉರಿ ಅವನಿಗೆ ಮನೆಯ ಒಲೆಯಷ್ಟು ಪರಿಚಿತ. ಬೆನ್ನ ಹಿಂದೆ ನಾಯಕನ ಉಸಿರು ಆಲಿಸಬೇಕಿಲ್ಲ, ಹಿಂತಿರುಗಿ ನೋಡಬೇಕಿಲ್ಲ. ರಸ್ತೆ ಇಷ್ಟು ಅಗಲ ಇರುತ್ತದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಅರ್ಧ ದಾರಿಯಲ್ಲಿ ಹಿಮ ಬೀಳಲು ಶುರುವಾಯಿತು. ಮೊದಲು ಹಿಟ್ಟಿನ ಹಾಗೆ, ಆಮೇಲೆ ಹತ್ತಿಯ ಹಾಗೆ.

ತುದಿಗೆ ಬಂದ. ರೇಸು ನೋಡಲು ಬಂದ ನಾಲ್ಕಾರು ಜನ ಛತ್ರಿ ಹಿಡಿದು ನಿಂತಿದ್ದರು. ಒಬ್ಬ ಹೆಂಗಸಿನ ಕೈಯಲ್ಲಿ ಹಳೇ ಪತ್ರಿಕೆಗಳ ಕಟ್ಟು. ಇಳಿಯುವ ಮುಂಚೆ ಸವಾರರು ಪತ್ರಿಕೆ ಇಸಿದುಕೊಂಡು ಎದೆಗೆ ತುರುಕಿಕೊಳ್ಳುವುದು ಈ ಕಸುಬಿನ ಹಳೇ ಪದ್ಧತಿ. ಕಾಗದ ಗಾಳಿ ತಡೆಯುತ್ತದೆ. ಅವಳು ಒಂದು ಪತ್ರಿಕೆ ಚಾಚಿದಳು. ಅದೇ ಹೊತ್ತಿಗೆ ದಾರಿ ತೆರವು ಮಾಡುತ್ತ ಅವನ ಮುಂದೆ ಹೋಗುತ್ತಿದ್ದ ರೇಸಿನ ಮೋಟಾರ್ ಬೈಕು ಇಳಿಜಾರಿನ ಮೊದಲ ತಿರುವಿನಲ್ಲಿ ಸದ್ದಿಲ್ಲದೆ ಜಾರಿ ಅಡ್ಡ ಬಿತ್ತು. ಬೈಕಿನವನು ಎದ್ದು, ಬಟ್ಟೆ ಕೊಡವಿಕೊಂಡು, ಸುತ್ತ ಯಾರಾದರೂ ನೋಡಿದರೇ ಎಂದು ನೋಡಿದ.

ಕಡ್ಡಿ ನೋಡಿದ್ದ. ಪತ್ರಿಕೆ ಇಸಿದುಕೊಂಡು ಕಾಲು ಕೆಳಗೂರಿದ.

ಹಿಂದೆ ಬರುತ್ತಿದ್ದ ಕಾರಿನಿಂದ ಮ್ಯಾನೇಜರ್ ಅರ್ಧ ಮೈ ಹೊರಗೆ ಹಾಕಿದ. “ಏನಾಯ್ತೋ? ಪಂಕ್ಚರಾ?”

“ಇಲ್ಲ ಸಾರ್. ಹಿಮ.”

“ಹಿಮ ಅಂತ ನಂಗೂ ಕಾಣುತ್ತೆ. ಇಳಿ!”

“ಹಿಮ ಇದ್ರೆ ನಿಲ್ಲೋದು ಅಂತ ಮಾತಾಗಿದೆ.”

ಮ್ಯಾನೇಜರ್ ಕಾರಿನಿಂದ ಇಳಿದು ಬಂದ. ದನಿ ತಗ್ಗಿಸಿದ. ಬೈಯುವುದಕ್ಕಿಂತ ಅದು ಕಷ್ಟದ್ದು. “ನೋಡು, ನಿನ್ನ ಹಿಂದೆ ಸದ್ಯಕ್ಕೆ ಯಾರೂ ಇಲ್ಲ. ವೇಗವಾಗಿ ಇಳಿ ಅಂತ ನಾನು ಹೇಳ್ತಿಲ್ಲ. ಬ್ರೇಕ್ ಹಿಡ್ಕೊಂಡು ಇಳಿ, ಬೇಕಾದ್ರೆ ತಿರುವುಗಳಲ್ಲಿ ಸೈಕಲ್ ತಳ್ಕೊಂಡು ನಡಿ. ಆದ್ರೂ ಗೆಲ್ತೀಯ. ಇನ್ನೊಂದು ಸಲ ಇದು ಸಿಗಲ್ಲ ಕಣೋ. ನಿಂಗೂ ಗೊತ್ತು.”

ಗೊತ್ತಿತ್ತು. ಅವನು ಹೆದರಿ ನಿಂತ ಅಂತ ಆಮೇಲೆ ಆಡಿಕೊಂಡವರಿದ್ದಾರೆ. ಹೆದರಿಕೆ ಇತ್ತು, ಅದನ್ನು ಅವನೇ ಒಪ್ಪಿಕೊಳ್ಳುತ್ತಾನೆ. ಆದರೆ ನಿಧಾನವಾಗಿ ಇಳಿಯಲು ಅವನಿಗೆ ಅವಕಾಶವಿತ್ತು. ಅವನ ಹಿಂದಿನವರಿಗೆ ಇರಲಿಲ್ಲ. ಅವನು ಇಳಿದ ಎಂದು ತಿಳಿದರೆ ಎರಡನೆಯವನು ಅವನನ್ನು ಹಿಡಿಯಲು ಬ್ರೇಕ್ ಬಿಟ್ಟು ಇಳಿಯುತ್ತಾನೆ, ಮೂರನೆಯವನು ಎರಡನೆಯವನನ್ನು ಹಿಡಿಯಲು. ಅವನ ಗೆಲುವಿನ ಬೆಲೆಯನ್ನು ಬೇರೆ ಯಾರೋ ಸೊಂಟದಲ್ಲಿ ಕಟ್ಟಬೇಕಿತ್ತು.

“ಎಲ್ರೂ ಬರ್ಲಿ ಸಾರ್,” ಅಂದ.

“ಅವ್ರು ನಿಲ್ದಿದ್ರೆ?”

ಕಡ್ಡಿ ಪತ್ರಿಕೆಯನ್ನು ಎದೆಗೆ ಸಿಕ್ಕಿಸಿಕೊಂಡ. ಛತ್ರಿಯ ಕೆಳಗಿದ್ದ ಒಬ್ಬ, “ಹೋಗಯ್ಯಾ, ನಿನ್ನ ನೋಡೋಕೆ ಬೆಳಿಗ್ಗೆಯಿಂದ ಚಳೀಲಿ ಸಾಯ್ತಿದ್ದೀವಿ!” ಅಂತ ಕೂಗಿದ. ಪತ್ರಿಕೆ ಕೊಟ್ಟ ಹೆಂಗಸು ತಿರುಗಿ, “ನೀವೇ ಹೋಗಿ, ಆಸೆಯಿದ್ರೆ,” ಅಂದಳು.

ಹಿಮದೊಳಗಿಂದ ಎರಡನೆಯವನು ಬಂದ. ಬೇರೆ ತಂಡದವನು, ಆ ವರ್ಷವಷ್ಟೇ ಕಸುಬಿಗೆ ಬಂದ ಹೊಸಬ. ಹಲ್ಲು ಕಟಕಟ ಅನ್ನುತ್ತಿದ್ದವು. ಕಡ್ಡಿಯನ್ನು ಕಂಡು ನಿಧಾನಿಸಿದ. “ಏನಣ್ಣಾ, ಸೈಕಲ್ ಕೆಡ್ತಾ?”

“ಇಲ್ಲ. ಬೆಳಿಗ್ಗೆ ಮಾತಾಡಿದ್ವಲ್ಲ.”

“ಅದು ನಿಜವಾಗ್ಲೂನಾ?”

“ಹಂಗೇ ಅನ್ಸುತ್ತೆ.”

ಹೊಸಬ ಕೆಳಗಿನ ರಸ್ತೆ ನೋಡಿದ. ಬಿಳಿ, ಖಾಲಿ. ಅವನ ತಂಡದ ಕಾರೂ ಹಿಂದಿನಿಂದ ಹಾರ್ನ್ ಹೊಡೆಯುತ್ತಿತ್ತು. ಒಂದು ಕಾಲು ಇನ್ನೂ ಪೆಡಲಿನ ಮೇಲೇ ಇತ್ತು. “ನಾನು ಹೋದ್ರೆ?” ಅಂದ.

“ಹೋದ್ರೆ ಗೆಲ್ತೀಯ,” ಅಂದ ಕಡ್ಡಿ. ಅಡ್ಡ ನಿಲ್ಲಲಿಲ್ಲ, ಉಪದೇಶ ಮಾಡಲಿಲ್ಲ. ಅವನಿಗೆ ಮಾತಾಡಲು ದವಡೆಯೂ ಸಹಕರಿಸುತ್ತಿರಲಿಲ್ಲ. ಹೊಸಬ ಕಡ್ಡಿಯ ಮುಖ ನೋಡಿದ, ರಸ್ತೆ ನೋಡಿದ, ಮತ್ತೆ ಮುಖ ನೋಡಿದ. ಕೊನೆಗೆ ಎರಡನೇ ಕಾಲನ್ನೂ ಕೆಳಗಿಟ್ಟ.

“ನಿಲ್ಲೋದಾದ್ರೆ ಆ ಪೇಪರ್ ನಂಗೂ ಒಂದು ಹಾಳೆ ಕೊಡಿ.”

ಆಮೇಲಿನದು ಸುಲಭವಾಯಿತು. ಇಬ್ಬರು ನಿಂತಲ್ಲಿ ಮೂರನೆಯವನು ನಿಂತ. ಹತ್ತು ಜನ ನಿಂತಲ್ಲಿ ಇಡೀ ಗುಂಪು ನಿಂತಿತು. ಕಾರುಗಳ ಹಾರ್ನುಗಳು ಬೆಟ್ಟ ಬಿರಿಯುವ ಹಾಗೆ ಕೂಗಿ, ಒಂದೊಂದಾಗಿ ಬಾಯಿ ಮುಚ್ಚಿಕೊಂಡವು. ಎಲ್ಲರಿಗಿಂತ ಕೊನೆಗೆ ದೊಡ್ಡಣ್ಣ ಮೂಗಿನಿಂದ ಹೊಗೆ ಬಿಡುತ್ತ ಬಂದು ಕಡ್ಡಿಯನ್ನು ಹುಡುಕಿದ.

“ನಿಂತಿದ್ದೀಯೇನೋ! ನಾನು ದಾರಿಯುದ್ದಕ್ಕೂ ನಿನ್ನ ವಂಶಾನೆಲ್ಲ ಬೈಕೊಂಡು ಬಂದೆನಲ್ಲೋ.”

“ಯಾಕಣ್ಣಾ?”

“ಇಳಿದಿರ್ತೀಯ ಅಂತ. ನಾನಾಗಿದ್ರೆ ಇಳೀತಿದ್ನೋ ಏನೋ.” ಅಷ್ಟು ಹೇಳಿ ಕುರ್ಚಿ ಹುಡುಕುವವನಂತೆ ಅತ್ತಿತ್ತ ನೋಡಿ, ಕಾರಿನ ಬಾನೆಟ್ಟಿನ ಮೇಲೆ ಕೂತ.

ಆ ಹಂತ ರದ್ದಾಯಿತು. ವಿಜೇತನ ಜಾಗದಲ್ಲಿ ಒಂದು ಗೆರೆ ಎಳೆದರು. ತುದಿಗೆ ಮೊದಲು ಬಂದವನಿಗೆ ಕೊಡಿ ಎಂದು ಯಾರೋ ಕೇಳಿದರಂತೆ. ರೇಸು ನಿಲ್ಲಿಸಿದವನಿಗೆ ಬಹುಮಾನ ಬೇರೆ ಕೇಡು ಅಂದರಂತೆ ಆಯೋಜಕರು. ಅವರ ದೃಷ್ಟಿಯಿಂದ ಅದು ಸರಿಯೇ.

ಸಂಜೆ ಹೋಟೆಲಿನಿಂದ ಹೆಂಡತಿಗೆ ಫೋನ್ ಮಾಡಿದ.

“ಡಿಪೋದಲ್ಲಿ ಎಲ್ರೂ ಟಿವಿಲಿ ನೋಡಿದ್ವಿ,” ಅಂದಳು ಅವಳು. “ನಿಮ್ಮ ಯಜಮಾನ್ರಿಗೆ ಗೆಲ್ಲೋದು ಅಂದ್ರೆ ಅಲರ್ಜಿನಾ ಅಂದ ನಮ್ಮ ಕಂಡಕ್ಟರ್.”

“ನೀನೇನಂದೆ?”

“ಬ್ರೇಕ್ ಸರಿಯಿಲ್ದಿರೋ ಬಸ್ಸನ್ನ ನಾನು ಡಿಪೋದಿಂದ ತೆಗೀತೀನೇನಯ್ಯಾ ಅಂದೆ. ಬಾಯಿ ಮುಚ್ಕೊಂಡ.” ಆಮೇಲೆ ಅವಳೇ ಕೇಳಿದಳು: “ಬೇಜಾರಾಯ್ತಾ?”

“ಆಯ್ತು.”

“ಆಗ್ಲಿ ಬಿಡಿ. ಆಗ್ದೇ ಇರುತ್ತಾ? ಊಟ?”

“ಮಾಡ್ದೆ. ಎರಡು ತಟ್ಟೆ.”

ಅವಳು ನಂಬಲಿಲ್ಲ.

ವರ್ಷದ ಕೊನೆಗೆ ತಂಡ ಅವನನ್ನು ಮತ್ತೆ ಕರೆಯಲಿಲ್ಲ. ಕಾರಣ ಕೇಳಿದ್ದಕ್ಕೆ ವಯಸ್ಸು ಅಂದರು. ಚಳಿಗಾಲವಿಡೀ ಅವನು ಅಪ್ಪನ ಜೊತೆ ಲಿಫ್ಟಿನ ಹಗ್ಗಗಳಿಗೆ ಗ್ರೀಸು ಬಳಿದ. ಆಮೇಲೆ ಒಂದು ಸಣ್ಣ ತಂಡ ನೀರು ಹೊರಲು ಕರೆಯಿತು, ಹೋದ. ಮೊದಲಿಗಿಂತ ಕಷ್ಟದ ಕೆಲಸ, ಹಳೆಯ ಬಸ್ಸು, ಹೋಟೆಲುಗಳಲ್ಲಿ ಬಿಸಿನೀರು ಬಂದರೆ ಬಂತು. ಎಲ್ಲರೂ ನಿಂತಿದ್ದ ಆ ರೇಸಿನಲ್ಲಿ ಮಾತ್ರ ಹೊಸ ನಿಯಮ ಬಂತು. ಹಿಮದ ದಿನ ಇಳಿಜಾರನ್ನು ಸವಾರರ ಕಡೆಯವನೊಬ್ಬ ನೋಡಿ ಸರಿ ಅನ್ನಬೇಕು. ಯಾರ ಎದೆಯೂ ಕರಗಿ ಬಂದ ನಿಯಮವಲ್ಲ ಅದು. ಟಿವಿಯಲ್ಲಿ ಖಾಲಿ ರಸ್ತೆ ತೋರಿಸಬೇಕಾಗಿ ಬಂದದ್ದರ ಉರಿ.

ಗೆಲ್ಲುವ ಅವಕಾಶ ಕಡ್ಡಿಗೆ ಮತ್ತೆ ಬರಲಿಲ್ಲ. ಬೆಟ್ಟದಲ್ಲಿ ಕಾಲು ಮೊದಲಿನ ಹಾಗೆ ಕೇಳುತ್ತಿರಲಿಲ್ಲ. ಅವನ ಕೊನೆಯ ವರ್ಷ ಒಂದು ರೇಸು ಅವನ ಊರಿನ ಮೂಲಕ ಹಾದುಹೋಗುವುದಿತ್ತು.

ಯಾವ ನಿಯಮದಲ್ಲೂ ಬರೆಯದ ಒಂದು ರೂಢಿ ಈ ಕಸುಬಿನಲ್ಲಿದೆ. ರೇಸು ಒಬ್ಬನ ಊರಿಗೆ ಬಂದಾಗ ಗುಂಪು ವೇಗ ತಗ್ಗಿಸಿ ಅವನನ್ನು ಮುಂದೆ ಬಿಡುತ್ತದೆ. ಅವನು ಹೋಗಿ, ಮನೆಯವರನ್ನು ಮಾತಾಡಿಸಿ, ಗುಂಪು ಬಂದಾಗ ಮತ್ತೆ ಸೇರಿಕೊಳ್ಳುತ್ತಾನೆ. ಅಷ್ಟು ಹೊತ್ತು ಯಾರೂ ಅವನನ್ನು ಹಿಂದೆ ಹಾಕಿ ಮುನ್ನುಗ್ಗುವುದಿಲ್ಲ. ಆದರೆ ಅದು ಹೆಸರು ಮಾಡಿದವರಿಗೆ ಸಿಗುವ ಮರ್ಯಾದೆ. ನೀರು ಹೊರುವವನಿಗೆ ಯಾರೂ ಕೊಡುವುದಿಲ್ಲ, ಅವನೂ ಕೇಳುವುದಿಲ್ಲ. ಹಿಂದೆಯೂ ರೇಸು ಅವನ ಊರಿಗೆ ಬಂದಿತ್ತು, ಅವನು ಅಂಗಿಯ ತುಂಬ ನೀರಿನ ಬಾಟಲಿ ತುರುಕಿಕೊಂಡು ಗುಂಪಿನ ಬಾಲದಲ್ಲಿ ಹಾದುಹೋಗಿದ್ದ. ಹಾಗಾಗಿ ಈ ಸಲವೂ ಮನೆಯಲ್ಲಿ ಯಾರಿಗೂ ಬರಲು ಹೇಳಿರಲಿಲ್ಲ. ಟಿವಿಯಲ್ಲೇ ಚೆನ್ನಾಗಿ ಕಾಣುತ್ತದೆ ಎಂದು ಅಮ್ಮನೂ ಮನೆಯಲ್ಲೇ ಕೂತಿದ್ದಳು.

ಊರಿನ ಅಂಚಿನಲ್ಲಿ, ಅಂದು ಹಿಮದಲ್ಲಿ ಜೊತೆಗೆ ನಿಂತಿದ್ದ ಹೊಸಬ ಪಕ್ಕಕ್ಕೆ ಬಂದ. ಈಗ ಅವನು ಹೊಸಬನಲ್ಲ, ದೊಡ್ಡ ಹೆಸರು, ರೇಸಿನಲ್ಲಿ ಮೊದಲ ಸ್ಥಾನದವನ ಅಂಗಿ ತೊಟ್ಟಿದ್ದ.

“ಹೋಗಣ್ಣಾ,” ಅಂದ.

“ಎಲ್ಲಿಗೆ?”

“ನಿಮ್ಮೂರಲ್ವಾ?”

ಕಡ್ಡಿ ಹಿಂದೆ ತಿರುಗಿದ. ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಗುಂಪು ಹರಡಿಕೊಂಡು, ಪೆಡಲ್ ತುಳಿಯುವುದನ್ನೇ ಬಿಟ್ಟು, ಜೇಬಿನಿಂದ ಏನೇನೋ ತೆಗೆದು ತಿನ್ನುತ್ತ, ಯಾರಿಗೂ ಯಾವ ಅವಸರವೂ ಇಲ್ಲದವರ ಹಾಗೆ ಬರುತ್ತಿತ್ತು. ಅವನು ಮುಂದೆ ಹೋದ.

ಸೇತುವೆಯ ಬಳಿ ಪೊಲೀಸರು ರೇಸಿಗಾಗಿ ವಾಹನಗಳನ್ನು ತಡೆದಿದ್ದರು. ಸಾಲಿನ ಮೊದಲಲ್ಲೇ ಒಂದು ಸಿಟಿ ಬಸ್ಸು. ಡ್ರೈವರ್ ಸೀಟಿನಲ್ಲಿ ಹೆಂಡತಿ, ಸ್ಟೀರಿಂಗಿನ ಮೇಲೆ ಮೊಣಕೈಯೂರಿ ಪೊಲೀಸನನ್ನು ದುರುಗುಟ್ಟಿ ನೋಡುತ್ತಿದ್ದಳು. ಕಡ್ಡಿ ಕಿಟಕಿಯ ಕೆಳಗೆ ಬಂದು ನಿಂತ.

“ಇದೇನ್ರೀ ಒಬ್ರೇ? ಉಳಿದೋರೆಲ್ಲ ಬಿದ್ರಾ?”

“ಇಲ್ಲ, ಹಿಂದೆ ಬರ್ತಿದ್ದಾರೆ. ಮನೆಯೋರನ್ನ ಮಾತಾಡಿಸ್ಕೊಂಡು ಬಾ ಅಂತ ಬಿಟ್ಟಿದ್ದಾರೆ.”

“ನಿಮ್ಮನ್ನಾ?”

“ನಂಗೂ ಹಂಗೇ ಅನ್ನಿಸ್ತು.”

ಅವಳು ಸೀಟಿನ ಪಕ್ಕದ ಡಬ್ಬಿ ತೆಗೆದು ಒಂದು ಬ್ರೆಡ್ ತುಂಡು ಕೆಳಗೆ ಚಾಚಿದಳು. “ತಿನ್ನಿ. ನಾನು ನೋಡ್ತಾ ಇರ್ತೀನಿ.” ಅವನು ನಿಂತಲ್ಲೇ ತಿಂದ. ಬಸ್ಸಿನ ಒಳಗಿಂದ ಒಬ್ಬ ಮುದುಕ, “ಮಾತಾಡ್ರಮ್ಮ, ಮಾತಾಡಿ, ಹೆಂಗೂ ಲೇಟಾಗಿದೆ,” ಅಂದ.

ಅಷ್ಟರಲ್ಲಿ ಗುಂಪು ಬಂತು. ಅವನು ಬಾಯಿ ತುಂಬಿಕೊಂಡೇ ಸೈಕಲ್ ಹತ್ತಿದ. ಅವನು ಒಳಸೇರಿ ಸರಿಯಾಗಿ ಕೂರುವವರೆಗೂ ಒಬ್ಬನೂ ಪೆಡಲ್ ಒತ್ತಲಿಲ್ಲ. ಆಮೇಲೆ ಸೇತುವೆ ಗುಡುಗಿತು, ಗುಂಪು ಹೋಯಿತು. ಪೊಲೀಸ ಸೀಟಿ ಊದಿದ.

“ನಿಮ್ಮೋರು ಗೆಲ್ತಾರಾ?” ಮುದುಕ ಕೇಳಿದ.

“ಇಲ್ಲ.”

“ಮತ್ತೆ ಅಷ್ಟೂ ಜನ ಯಾಕಮ್ಮ ಕಾದ್ರು?”

“ಒಂದ್ಸಲ ಇವ್ರು ಅವರಿಗೆ ಕಾದಿದ್ರು,” ಅಂದು ಅವಳು ಬಸ್ಸನ್ನು ಗೇರಿಗೆ ಹಾಕಿದಳು.